ಪೈಥಾನೋ ಜಾವಾನೋ ಅಂತ ಕೇಳೋ ಮೊದಲು

ಜೂನ್ ಬಂತಂದ್ರೆ ನನ್ನ ವಾಟ್ಸ್ಆ್ಯಪ್‌ಗೆ ಒಂದೇ ಪ್ರಶ್ನೆ ಬೇರೆ ಬೇರೆ ನಂಬರಿನಿಂದ ಬರೋಕೆ ಶುರುವಾಗುತ್ತೆ. ‘ಅಣ್ಣಾ, ವೆಬ್ ಡೆವಲಪ್‌ಮೆಂಟಿಗೆ ಯಾವ ಲ್ಯಾಂಗ್ವೇಜ್ ಕಲೀಲಿ? ಪೈಥಾನ್ ಚೊಲೋನೋ, ಜಾವಾ ಚೊಲೋನೋ?’ ಕೇಳುವವರು ಹೆಚ್ಚಾಗಿ ನಮ್ಮ ಕಡೆಯವರೇ. ಸಂಕೇಶ್ವರ, ಹುಕ್ಕೇರಿ, ಗೋಕಾಕ, ಮೂಡಲಗಿ. ಕೆಲವರದು ಬಿಸಿಎ, ಕೆಲವರದು ನಿಡಸೋಸಿ ಕಾಲೇಜಿನಲ್ಲೋ ಬೆಳಗಾವಿಯಲ್ಲೋ ಬಿಇ. ವಿಟಿಯುನವರು ತಮ್ಮ 2022ರ ಸ್ಕೀಮ್‌ನಲ್ಲಿ ಮೊದಲ ವರ್ಷದ ಹುಡುಗರ ಮುಂದೆಯೇ ಈ ಆಯ್ಕೆ ಇಟ್ಟಿದ್ದಾರೆ: ಪೈಥಾನ್, ಜಾವಾ, ಸಿ ಪ್ಲಸ್ ಪ್ಲಸ್, ವೆಬ್ ಪ್ರೋಗ್ರಾಮಿಂಗ್, ಇವುಗಳಲ್ಲಿ ಒಂದು ಆರಿಸ್ಕೊಳ್ಳಿ ಅಂತ. ಪಿಯುಸಿ ಮುಗಿಸಿ ಬಂದ ಹುಡುಗನಿಗೆ ಏನು ಗೊತ್ತಿರುತ್ತೆ? ಪಕ್ಕದವ ಯಾವುದು ಬರೆದನೋ ಅದನ್ನೇ ಇವನೂ ಬರೀತಾನೆ.

ನಾನು ವಾಪಸ್ ಕೇಳೋದು ಒಂದೇ ಪ್ರಶ್ನೆ. ‘ಎಲ್ಲಿ ಕೆಲಸ ಮಾಡಬೇಕಂತ ಇದ್ದೀ?’

ಇದಕ್ಕೆ ಬಹಳ ಜನ ಬೇಜಾರು ಮಾಡ್ಕೋತಾರೆ. ಉತ್ತರ ಗೊತ್ತಿಲ್ಲದ್ದಕ್ಕೆ ಜಾರಿಕೊಳ್ತಿದ್ದಾನೆ ಅಂದ್ಕೋತಾರೆ. ಆದರೆ ಹತ್ತು-ಹನ್ನೆರಡು ವರ್ಷದಿಂದ ಪುಣೆಯಲ್ಲಿ ಇದೇ ಕೆಲಸ ಮಾಡಿಕೊಂಡಿರೋ ನನಗೆ, ಇದಕ್ಕಿಂತ ಉಪಯೋಗದ ಪ್ರಶ್ನೆ ಇನ್ನೂ ಸಿಕ್ಕಿಲ್ಲ.

ಮೊದಲು ಆಯ್ಕೆಯೇ ಇಲ್ಲದ ಭಾಗ ಹೇಳಿ ಮುಗಿಸ್ತೀನಿ. ವೆಬ್ ಅಂದಮೇಲೆ ಬ್ರೌಸರ್. ಬ್ರೌಸರಿಗೆ ನೇರವಾಗಿ ತಿಳಿಯೋ ಪ್ರೋಗ್ರಾಮಿಂಗ್ ಭಾಷೆ ಜಾವಾಸ್ಕ್ರಿಪ್ಟ್. 1995ರ ಮೇ ತಿಂಗಳಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಹತ್ತೇ ದಿನದಲ್ಲಿ ಇದರ ಮೊದಲ ರೂಪ ಕಟ್ಟಿದ. ಆ ಗಡಿಬಿಡಿಯ ಕುರುಹು ಇವತ್ತಿಗೂ ಅದರಲ್ಲಿ ಅಲ್ಲಲ್ಲಿ ಕಾಣುತ್ತೆ. ಜಾವಾಕ್ಕೂ ಇದಕ್ಕೂ ಸಂಬಂಧ ಹೆಸರಿನದು ಅಷ್ಟೇ, ಆಗ ಜಾವಾ ಹವಾ ಜೋರಿತ್ತು ಅಂತ ಆ ಹೆಸರು ಇಟ್ಟರು. ಬೈದುಕೊಂಡಾದರೂ ಸರಿ, ವೆಬ್ ಕೆಲಸಕ್ಕೆ ಬರೋವ್ರು ಇದನ್ನ ಕಲೀಲೇಬೇಕು. ಎಚ್‌ಟಿಎಂಎಲ್, ಸಿಎಸ್ಎಸ್ ಜೊತೆಗೆ ಬರ್ತಾವೆ. ಕೋಚಿಂಗ್‌ನವರ ಬೋರ್ಡಿನಲ್ಲಿ ಅವನ್ನೂ ಲ್ಯಾಂಗ್ವೇಜ್ ಲೆಕ್ಕಕ್ಕೆ ಸೇರಿಸಿ ‘ಏಳು ಭಾಷೆ ಕಲಿಸ್ತೀವಿ’ ಅಂತ ಬರೆದಿರ್ತಾರೆ, ಅದಕ್ಕೆ ಮರುಳಾಗಬೇಡಿ.

ಹಂಗಾಗಿ ನಿಜವಾದ ಪ್ರಶ್ನೆ ಇರೋದು ಬ್ರೌಸರಿನ ಹಿಂದೆ, ಸರ್ವರ್ ಕಡೆ ಯಾವ ಭಾಷೆ ಅನ್ನೋದು. ಜಾವಾ, ಪೈಥಾನ್, ಪಿಎಚ್‌ಪಿ, ಸಿ ಶಾರ್ಪ್, ಗೋ, ರೂಬಿ. 2009ರಲ್ಲಿ ನೋಡ್ ಬಂದಮೇಲೆ ಅಲ್ಲಿಯೂ ಜಾವಾಸ್ಕ್ರಿಪ್ಟೇ ಓಡುತ್ತೆ. ಇವುಗಳಲ್ಲಿ ಯಾವುದೂ ಕೆಟ್ಟದ್ದಲ್ಲ. ಕನ್ನಡ ವಿಕಿಪೀಡಿಯ ಓಡೋದು ಪಿಎಚ್‌ಪಿ ಮೇಲೆ. ಇನ್‌ಸ್ಟಾಗ್ರಾಂ ಕಟ್ಟಿದ್ದು ಪೈಥಾನಿನ ಜಾಂಗೋದಲ್ಲಿ. ಬೆಂಗಳೂರಿನ ಜೆರೋಧಾದವರು ತಮ್ಮ ಷೇರು ವಹಿವಾಟಿನ ವ್ಯವಸ್ಥೆಗೆ ಗೋ ಮತ್ತು ಪೈಥಾನ್ ಬಳಸ್ತಾರೆ. ಚೆನ್ನೈನಲ್ಲಿ ಶುರುವಾದ ಫ್ರೆಶ್‌ಡೆಸ್ಕ್ ರೂಬಿಯಲ್ಲಿ ಹುಟ್ಟಿದ್ದು. ಎಲ್ಲದರಲ್ಲೂ ದೊಡ್ಡ ದೊಡ್ಡ ಕೆಲಸ ಆಗಿದೆ ಅಂದಮೇಲೆ ‘ಯಾವುದು ಬೆಸ್ಟ್’ ಅಂತ ಯೂಟ್ಯೂಬಿನಲ್ಲಿ ಎಷ್ಟು ವಿಡಿಯೋ ನೋಡಿದರೂ ಅಷ್ಟೇ.

ಈಗ ನಮ್ಮೂರಿಗೆ ಬರೋಣ. ಸಂಕೇಶ್ವರ ಇರೋದು ಪುಣೆ-ಬೆಂಗಳೂರು ಹೆದ್ದಾರಿ ಮೇಲೆ. ಹಳೇ ಎನ್ಎಚ್ 4, ಈಗಿನ 48. ರಾತ್ರಿ ಹೆದ್ದಾರಿ ಬಾಜೂಕೆ ನಿಂತರೆ ಒಂದು ಕಡೆಗೆ ಪುಣೆ ಬಸ್ಸು, ಇನ್ನೊಂದು ಕಡೆಗೆ ಬೆಂಗಳೂರು ಬಸ್ಸು. ಬೆಂಗಳೂರಿಗೆ ಹೆಚ್ಚುಕಮ್ಮಿ 550 ಕಿಲೋಮೀಟರ್, ಪುಣೆಗೆ 300ರ ಒಳಗೆ. ರಾಜಧಾನಿ ಅದಾದರೂ ಹತ್ತಿರ ಇದು. ನಮ್ಮ ಕಡೆ ಹುಡುಗರಿಗೆ ಮರಾಠಿ ಬರುತ್ತೆ, ಪುಣೆಯಲ್ಲಿ ಯಾರಾದರೂ ಕಾಕಾನೋ ಮಾಮಾನೋ ಇದ್ದೇ ಇರ್ತಾರೆ, ಎರಡು ತಿಂಗಳು ರೂಮು ಸಿಗದಿದ್ದರೂ ತಲೆ ಮೇಲೊಂದು ಸೂರು ಸಿಗುತ್ತೆ. ಇದೆಲ್ಲ ಲ್ಯಾಂಗ್ವೇಜ್ ಆಯ್ಕೆಗೆ ಸಂಬಂಧವಿಲ್ಲದ ಮಾತು ಅನ್ನಿಸಬಹುದು. ನನ್ನ ಪ್ರಕಾರ ಇದೇ ಮುಖ್ಯ ಮಾತು.

ಯಾಕಂದ್ರೆ ಊರು ಬದಲಾದರೆ ಕೇಳೋ ಭಾಷೆ ಬದಲಾಗುತ್ತೆ. ನಾನು ಕಂಡಂತೆ ಪುಣೆಯಲ್ಲಿ ಬ್ಯಾಂಕು, ವಿಮೆ, ವಾಹನ ಕಂಪನಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡೋ ಕೆಲಸ ಬಹಳ. ಅಲ್ಲಿ ಜಾವಾ ಮತ್ತು ಅದರ ಸ್ಪ್ರಿಂಗ್, ಅದರ ಹಿಂದೆ ಡಾಟ್‌ನೆಟ್. ಬೆಂಗಳೂರಿನ ಸ್ಟಾರ್ಟಪ್‌ಗಳಲ್ಲಿ ಇವುಗಳ ಜೊತೆ ನೋಡ್, ಪೈಥಾನ್, ಗೋ ಸಹ ಜೋರು. ಬೆಳಗಾವಿ, ಕೊಲ್ಲಾಪುರ, ಹುಬ್ಬಳ್ಳಿಯ ಸಣ್ಣ ಆಫೀಸುಗಳಿಗೆ ಹೋದರೆ ಪಿಎಚ್‌ಪಿ. ವರ್ಡ್‌ಪ್ರೆಸ್, ಇಲ್ಲಾ ಲಾರಾವೆಲ್. ‘ಪಿಎಚ್‌ಪಿ ಸತ್ತೋಯ್ತು’ ಅಂತ ನಗೋ ಹುಡುಗರಿಗೆ ಒಂದು ಮಾತು: ಜಗತ್ತಿನ ವೆಬ್‌ಸೈಟುಗಳಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ವರ್ಡ್‌ಪ್ರೆಸ್ ಮೇಲೆ ನಿಂತಿವೆ. ಊರಿನ ಶಾಲೆಗೆ, ಬಂಗಾರದ ಅಂಗಡಿಗೆ, ಸೊಸೈಟಿಗೆ ವೆಬ್‌ಸೈಟ್ ಮಾಡಿಕೊಟ್ಟು, ಮನೇಲೇ ಇದ್ದು, ದುಡಿಯೋ ಆಸೆ ಇದ್ದವರಿಗೆ ಅದಕ್ಕಿಂತ ಕಡಿಮೆ ಖರ್ಚಿನ ದಾರಿ ಇಲ್ಲ. ಪಗಾರ ಮಾತ್ರ ಪುಣೆಯದು ಬರೋದಿಲ್ಲ, ಅದು ಮೊದಲೇ ತಿಳಿದಿರಲಿ.

ಪೈಥಾನ್ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಕೇಳೋರಲ್ಲಿ ಅರ್ಧಕ್ಕರ್ಧ ಜನ ಮನಸ್ಸಿನಲ್ಲಿ ಅದನ್ನೇ ಗಟ್ಟಿ ಮಾಡಿಕೊಂಡು, ನನ್ನ ಬಾಯಿಂದ ಹೌದು ಅನ್ನಿಸೋಕೆ ಬಂದಿರ್ತಾರೆ. ಭಾಷೆ ಸುಂದರ, ಕಲಿಯೋದು ಸುಲಭ, ಒಪ್ಪಿದೆ. ಆದರೆ ಪೈಥಾನ್ ಅಂತ ಕಾಣೋ ಜಾಹೀರಾತುಗಳನ್ನ ತೆರೆದು ಓದಿ ನೋಡಿ. ಬಹಳಷ್ಟು ಡೇಟಾ ಕೆಲಸದವು, ಇಲ್ಲಾ ಎಐ ಕೆಲಸದವು, ಇಲ್ಲಾ ಟೆಸ್ಟಿಂಗ್‌ನವು. ವೆಬ್ ಕೆಲಸಕ್ಕೆ, ಅದೂ ಅನುಭವ ಇಲ್ಲದವರಿಗೆ ಅಂತ ಸೋಸಿದರೆ ರಾಶಿ ಸಣ್ಣದಾಗುತ್ತೆ. ಹಂಗಂತ ಇಲ್ಲವೇ ಇಲ್ಲ ಅಂತಲ್ಲ. ಮುಂಬಯಿಯ ಫ್ರಾಪೆಯವರ ಇಆರ್‌ಪಿನೆಕ್ಸ್ಟ್ ಪೈಥಾನಿನದೇ, ಅದನ್ನ ಸಣ್ಣ ಕಾರ್ಖಾನೆಗಳಿಗೆ ಹಾಕಿಕೊಡೋ ಕೆಲಸ ನಮ್ಮ ಭಾಗದಲ್ಲೂ ಇದೆ. ನೋಡಿಕೊಂಡು ಹೋಗಿ ಅಂತ ಅಷ್ಟೇ.

ಇಷ್ಟೆಲ್ಲ ಬರೆಯೋಕೆ ಈ ಸಲ ಕಾರಣ ನಮ್ಮಣ್ಣನ ಮಗಳು. ಸಂಕೇಶ್ವರದಲ್ಲೇ ಬಿಸಿಎ ಮುಗಿಸಿದಳು. ಪುಣೆಯ ಒಂದು ಇನ್‌ಸ್ಟಿಟ್ಯೂಟಿನವರು ಫೋನ್ ಮೇಲೆ ಫೋನ್ ಮಾಡಿ, ಆರು ತಿಂಗಳ ‘ಫುಲ್ ಸ್ಟ್ಯಾಕ್ ಪೈಥಾನ್’ ಕೋರ್ಸಿಗೆ 70 ಸಾವಿರ ಹೇಳಿದ್ದರು. ಉಳಿಯೋದು, ತಿನ್ನೋದು ಬೇರೆ. ‘ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್’ ಅಂತ ದಪ್ಪಕ್ಷರದಲ್ಲಿತ್ತು. ಈ ಅಸಿಸ್ಟೆನ್ಸ್ ಅನ್ನೋ ಪದ ಭಾರಿ ಚಾಲೂಕಿನದು. ಸಹಾಯ ಮಾಡ್ತೀವಿ ಅಂದರು, ಕೆಲಸ ಕೊಡಿಸ್ತೀವಿ ಅನ್ನಲಿಲ್ಲ.

ಅಣ್ಣ ಕಬ್ಬು ಬೆಳೆಯೋನು. ಕಾರ್ಖಾನೆಯ ಬಿಲ್ಲು ಬಂದಿತ್ತು, ಸೊಸೈಟಿಯಲ್ಲಿ ಇಟ್ಟಿದ್ದ. ಇಬ್ಬರು ಮಕ್ಕಳಲ್ಲಿ ಇವಳು ದೊಡ್ಡವಳು. ಮನೆಯಲ್ಲಿ ಆಗಲೇ ಲಗ್ನದ ಮಾತು ಒಂದು ಕಡೆಯಿಂದ ಶುರುವಾಗಿತ್ತು. ಆ ದುಡ್ಡು ಕೋರ್ಸಿಗೆ ಹೋಗಿ ಕೆಲಸ ಸಿಗದಿದ್ದರೆ, ಆಮೇಲೆ ಅವಳ ಮಾತಿಗೆ ಮನೆಯಲ್ಲಿ ಬೆಲೆ ಉಳಿಯೋದಿಲ್ಲ. ಇದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

‘ಕಾಕಾ, ನೀವ ಹೇಳ್ರಿ. ಪೈಥಾನ್ ಬ್ಯಾಡಂದ್ರ ಬ್ಯಾಡ. ಆದ್ರ ಸುಮ್ನ ಕುಂಡ್ರಸಬ್ಯಾಡ್ರಿ’ ಅಂದಳು.

ಪಕ್ಕದಲ್ಲಿ ಕೂತಿದ್ದ ಅಣ್ಣ ಕೇಳಿದ: ‘ಈ ಲ್ಯಾಂಗ್ವೇಜ್ ಅಂದ್ರ ಏನೋ ತಮ್ಮಾ, ಕಬ್ಬಿನ ತಳಿ ಇದ್ದಂಗೇನು?’

ಹೆಚ್ಚುಕಮ್ಮಿ ಹಂಗೇ ಅಂದೆ. 86032 ಹಾಕೋದೋ ಬೇರೆ ಹಾಕೋದೋ ಅಂತ ಅವನು ಹೆಂಗೆ ನಿರ್ಧಾರ ಮಾಡ್ತಾನೆ? ಮಣ್ಣು ನೋಡ್ತಾನೆ, ನೀರು ನೋಡ್ತಾನೆ, ಕಾರ್ಖಾನೆಯವರು ಯಾವುದನ್ನ ತಗೋತಾರೆ ಕೇಳ್ತಾನೆ. ಯಾವ ತಳಿ ಜಗತ್ತಿನಲ್ಲಿ ಶ್ರೇಷ್ಠ ಅಂತ ಯಾರನ್ನೂ ಕೇಳೋಕೆ ಹೋಗೋದಿಲ್ಲ.

ಅವಳಿಗೆ ಎರಡು ಸಂಜೆ ಕೆಲಸ ಕೊಟ್ಟೆ. ನೌಕರಿ ಮತ್ತು ಲಿಂಕ್ಡ್‌ಇನ್ ತೆರೆದು ಪುಣೆ, ಬೆಳಗಾವಿ, ಹುಬ್ಬಳ್ಳಿ, ಕೊಲ್ಲಾಪುರ, ಬೆಂಗಳೂರು ಅಂತ ಊರು ಹಾಕಬೇಕು. ಅನುಭವ ಸೊನ್ನೆಯಿಂದ ಎರಡು ವರ್ಷ. ಕಂಡ ಜಾಹೀರಾತನ್ನ ಪೂರ್ತಿ ಓದಿ ನೋಟ್‌ಬುಕ್ಕಿನಲ್ಲಿ ಗೆರೆ ಎಳೀಬೇಕು. ಶೀರ್ಷಿಕೆ ಓದಿದರೆ ಸಾಲದು, ಒಳಗೆ ಏನೇನು ಕೇಳಿದ್ದಾರೆ ಅದು ಬರೀಬೇಕು. ಎರಡನೇ ದಿನ ಅವಳ ನೋಟ್‌ಬುಕ್ ನೋಡಿದರೆ ಪುಣೆ ಪುಟದಲ್ಲಿ ಜಾವಾ ಮುಂದೆ. ಎಲ್ಲ ಪುಟದಲ್ಲೂ ಜಾವಾಸ್ಕ್ರಿಪ್ಟ್, ರಿಯಾಕ್ಟ್. ಇನ್ನೊಂದು ಸಂಗತಿ ಅವಳೇ ಕಂಡುಕೊಂಡಿದ್ದು: ಯಾವ ಭಾಷೆಯ ಜಾಹೀರಾತೇ ಇರಲಿ, ಹೆಚ್ಚುಕಮ್ಮಿ ಎಲ್ಲದರಲ್ಲೂ ಎಸ್‌ಕ್ಯೂಎಲ್ ಮತ್ತು ಗಿಟ್ ಇತ್ತು. ಇನ್‌ಸ್ಟಿಟ್ಯೂಟಿನ ಬ್ರೋಷರಿನಲ್ಲಿ ಅವೆರಡಕ್ಕೆ ಇದ್ದದ್ದು ಒಂದೇ ಸಾಲು.

ಹಂಗಾಗಿ ತೀರ್ಮಾನ ಆದದ್ದು ಹೀಗೆ. ಮೊದಲ ಮೂರು ತಿಂಗಳು ಮನೆಯಲ್ಲೇ ಜಾವಾಸ್ಕ್ರಿಪ್ಟ್ ಮತ್ತು ಎಸ್‌ಕ್ಯೂಎಲ್. ಎಂಡಿಎನ್ ಮತ್ತು ಫ್ರೀಕೋಡ್‌ಕ್ಯಾಂಪ್, ಎರಡೂ ಪುಕ್ಕಟೆ. ಆಮೇಲೆ ಪುಣೆಯ ಲೆಕ್ಕದಲ್ಲಿ ಜಾವಾ. ಒಂದಾದರೂ ಪೂರ್ತಿ ಓಡೋ ಕೆಲಸ ಮಾಡಿ ತೋರಿಸೋ ತನಕ ಯಾರಿಗೂ ಒಂದು ರೂಪಾಯಿ ಫೀ ಕಟ್ಟೋ ಹಾಗಿಲ್ಲ. ರಿಯಾಕ್ಟ್ ಆಮೇಲೆ ಅಂದದ್ದಕ್ಕೆ ಅವಳಿಗೆ ಅಸಮಾಧಾನ. ಎಲ್ಲರೂ ಅದನ್ನೇ ಕೇಳ್ತಾರಲ್ಲ ಅಂದಳು. ಕೇಳ್ತಾರೆ, ನಿಜ. ಆದರೆ ಫ್ರೇಮ್‌ವರ್ಕ್ ಅನ್ನೋದರ ಆಯುಷ್ಯ ನಾವು ನೋಡಿದ್ದೀವಿ. 2010ರಲ್ಲಿ ಬಂದ ಆ್ಯಂಗ್ಯುಲರ್‌ಜೆಎಸ್ ಕಲಿತವರಿಗೆ 2016ರಲ್ಲಿ ಎರಡನೇ ಆವೃತ್ತಿ ಬಂದಾಗ ಹೊಸದಾಗಿ ಕಲಿಯೋ ಪಾಡಾಯ್ತು, ಅದನ್ನ ಬುಡದಿಂದ ಬೇರೆಯಾಗಿ ಬರೆದಿದ್ದರು. ಫ್ಲ್ಯಾಶ್ ನಂಬಿಕೊಂಡಿದ್ದವರ ಅಂಗಡಿ 2020ರ ಡಿಸೆಂಬರ್ 31ಕ್ಕೆ ಬಾಗಿಲು ಹಾಕಿತು. ಜಾವಾಸ್ಕ್ರಿಪ್ಟ್ ಗಟ್ಟಿ ಇದ್ದವರು ಎರಡೂ ಸಲ ಬೇಗ ದಾಟಿಕೊಂಡರು. ಭಾಷೆ ಗಟ್ಟಿಯಾದರೆ ರಿಯಾಕ್ಟ್ ಕೆಲವು ವಾರದ ಕೆಲಸ.

ಮಾಡಿ ತೋರಿಸೋ ಕೆಲಸ ಅಂತ ಅವಳು ಆರಿಸಿಕೊಂಡಿದ್ದು ಮೆಣಸಿನಕಾಯಿ. ನಮ್ಮೂರ ಮೆಣಸಿನಕಾಯಿ ಮಹಾರಾಷ್ಟ್ರದ ಪ್ಯಾಟಿಯಲ್ಲೂ ಸಂಕೇಶ್ವರಿ ಅನ್ನೋ ಹೆಸರಿನಲ್ಲೇ ಮಾರುತ್ತೆ. ಪರಿಚಯದ ಒಬ್ಬರ ಅಡತಿ ಅಂಗಡಿಗೆ ರೈತರ ಹೆಸರು, ಚೀಲದ ಲೆಕ್ಕ, ತೂಕ, ದರ ಬರೆದಿಡೋ ಒಂದು ಸಣ್ಣ ವೆಬ್ ಪುಟ. ಮೊಬೈಲಿನಲ್ಲಿ, ಕನ್ನಡದಲ್ಲಿ. ಫಾರ್ಮನ್ನ ಎಐ ಕೈಲಿ ಬರೆಸಿದ್ದಳು, ನಾನು ಬೇಡ ಅನ್ನಲಿಲ್ಲ. ಚೆನ್ನಾಗೇ ಬರೆದುಕೊಟ್ಟಿತ್ತು. ಹೆಸರಿನ ಜಾಗಕ್ಕೆ ಹೆಚ್ಚೆಂದರೆ 20 ಅಕ್ಷರ ಅಂತ ಮಿತಿ ಹಾಕಿತ್ತು.

ಒಂದು ವಾರಕ್ಕೆ ಅಂಗಡಿಯವರ ದೂರು ಬಂತು. ‘ತಂಗಿ, ಹೆಸರ ಅರ್ಧಾನ ನಿಲ್ತಾವ.’ ಮಲ್ಲಿಕಾರ್ಜುನ ಶಿವಲಿಂಗಪ್ಪ ಅಂತ ಬೆರಳಚ್ಚಿಸಿದರೆ ಮಲ್ಲಿಕಾರ್ಜುನ ಶಿವಲಿಂಗ ಅಂತ ನಿಂತುಬಿಡ್ತಿತ್ತು. ಅಪ್ಪ ಹೋಗಿ ಲಿಂಗ ಉಳೀತು ಅಂತ ಅಂಗಡಿಯಲ್ಲಿ ನಗೆ. ಆದರೆ ಅದೇ ಅಂಗಡಿಗೆ ಶಿವಲಿಂಗ ಅನ್ನೋ ಹೆಸರಿನ ಇನ್ನೊಬ್ಬ ರೈತ ಬಂದರೆ ಯಾರ ದುಡ್ಡು ಯಾರ ಲೆಕ್ಕಕ್ಕೆ?

ಅವಳು ಎಣಿಸಿ ಎಣಿಸಿ ನೋಡಿದಳು. ಮ, ಲ್ಲಿ, ಕಾ, ರ್ಜು, ನ ಐದು. ಶಿ, ವ, ಲಿಂ, ಗ, ಪ್ಪ ಐದು. ಹತ್ತು ಅಕ್ಷರಕ್ಕೆ 20ರ ಮಿತಿ ಯಾಕೆ ಸಾಲದು? ರಾತ್ರಿ ಹನ್ನೊಂದಕ್ಕೆ ಫೋನು.

‘ಸಂಕೇಶ್ವರ ಅಂತ ಬರೆದು ಅದರ ಲೆಂಗ್ತ್ ಕೇಳು’ ಅಂದೆ.

ಎಂಟು ಅಂತ ಬಂತು. ನಮ್ಮ ಕಣ್ಣಿಗೆ ಸಂ, ಕೇ, ಶ್ವ, ರ ನಾಲ್ಕೇ ಅಕ್ಷರ. ಕಂಪ್ಯೂಟರಿಗೆ ಯುನಿಕೋಡಿನಲ್ಲಿ ಸ ಬೇರೆ, ಸೊನ್ನೆ ಬೇರೆ, ಕ ಬೇರೆ, ಅದರ ಏತ್ವ ಬೇರೆ, ಶ ಬೇರೆ, ಕೆಳಗೆ ಒತ್ತು ಮಾಡೋ ಹಲಂತ ಬೇರೆ, ವ ಬೇರೆ, ರ ಬೇರೆ. ಜಾವಾಸ್ಕ್ರಿಪ್ಟ್ ಎಂಟು ಅನ್ನುತ್ತೆ, ಪೈಥಾನ್ ಎಂಟು ಅನ್ನುತ್ತೆ, ಜಾವಾ ಎಂಟು ಅನ್ನುತ್ತೆ. ಪಿಎಚ್‌ಪಿಯ ಸಾದಾ ಸ್ಟ್ರ್‌ಲೆನ್ ಕೇಳಿದರೆ 24 ಅನ್ನುತ್ತೆ, ಗೋ ಕೂಡ 24. ಅವು ಬೈಟ್ ಎಣಿಸ್ತಾವೆ, ಯುಟಿಎಫ್ 8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. ಮಲ್ಲಿಕಾರ್ಜುನ ಒಂದೇ 12 ತಿಂದಿತ್ತು. ನಡುವಿನ ಜಾಗ ಒಂದು, ಶಿವಲಿಂಗ ಏಳು, ಅಲ್ಲಿಗೆ 20 ಮುಗೀತು.

ಆ ರಾತ್ರಿ ಅವಳು ಕಲಿತದ್ದು ಜಾವಾಸ್ಕ್ರಿಪ್ಟ್ ಅಂತೀರೋ, ಜಾವಾ ಅಂತೀರೋ? ಯಾವ ಭಾಷೆಗೆ ಹೋದರೂ ಅದು ಅವಳ ಜೊತೆ ಬರುತ್ತೆ. ಆದರೆ ಅದನ್ನ ಕಲಿಯೋಕೆ ಯಾವುದೋ ಒಂದು ಭಾಷೆಯೊಳಗೆ ಕೈ ಹಾಕಿ ಕೂರಬೇಕಿತ್ತು. ತಿಂಗಳಿಗೊಂದು ಭಾಷೆ ಬದಲಾಯಿಸೋ ಹುಡುಗರಿಗೆ ಈ ಜಾಗ ಸಿಗೋದೇ ಇಲ್ಲ. ಅವರು ಪ್ರತಿ ಭಾಷೆಯಲ್ಲೂ ‘ಹಲೋ ವರ್ಲ್ಡ್’ ಮತ್ತು ಟೂಡೂ ಲಿಸ್ಟ್ ಮಾಡಿ ಮುಂದಿನದಕ್ಕೆ ಹಾರ್ತಾರೆ. ರೆಸ್ಯೂಮಿನಲ್ಲಿ ಒಂಬತ್ತು ಭಾಷೆ, ಒಂದರಲ್ಲೂ ರಾತ್ರಿ ಹನ್ನೊಂದರ ಫೋನಿಲ್ಲ.

ಎಐ ಬಂದಮೇಲೆ ಭಾಷೆ ಕಲಿಯೋದೇ ಯಾಕೆ ಅಂತಲೂ ಈಗ ಕೇಳ್ತಾರೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಈ ಭಯ ನನ್ನ ಆಫೀಸಿನಲ್ಲೂ ಇದೆ, ಸುಳ್ಳು ಹೇಳೋದಿಲ್ಲ. ಹೊಸಬರಿಗೆ ಮೊದಲು ಕೊಡ್ತಿದ್ದ ಸಣ್ಣಪುಟ್ಟ ಕೆಲಸ ಈಗ ಅದೇ ಮಾಡಿಬಿಡುತ್ತೆ. ಆ 20ರ ಮಿತಿಯನ್ನೂ ಅದೇ ಬರೆದುಕೊಟ್ಟಿತ್ತು. ಕೇಳಿದ್ದರೆ ಯಾಕೆ ತಪ್ಪು ಅಂತಲೂ ಅದೇ ಹೇಳ್ತಿತ್ತು. ಆದರೆ ಕೇಳಬೇಕು ಅಂತ ಗೊತ್ತಾಗಬೇಕಲ್ಲ. ಅಂಗಡಿಯಲ್ಲಿ ನಿಂತು ಹೆಸರು ಅರ್ಧಕ್ಕೆ ನಿಂತದ್ದನ್ನ ನೋಡಿದವರಿಗೆ ಅದು ಗೊತ್ತಾಗುತ್ತೆ. ಇನ್ನೊಂದು, ಎಐ ಬರೆದದ್ದನ್ನ ಓದೋಕೆ ಬರಬೇಕು. ಓದೋಕೆ ಬರಬೇಕಂದ್ರೆ ಒಂದು ಭಾಷೆ ಚೆನ್ನಾಗಿ ಬರಬೇಕು. ಮೊದಲು ಬರೆಯೋರಿಗೆ ಪಗಾರ ಇತ್ತು, ಈಗ ಓದಿ ತಪ್ಪು ಹಿಡಿಯೋರಿಗೆ. ಹೊಸಬರಿಗೆ ಇದು ಮೊದಲಿಗಿಂತ ಕಷ್ಟದ ಕಾಲ, ಅದನ್ನ ಮುಚ್ಚಿಡೋದರಲ್ಲಿ ಅರ್ಥವಿಲ್ಲ.

ಆಗಲೇ ಎರಡು-ಮೂರು ವರ್ಷ ಕೆಲಸದಲ್ಲಿದ್ದು ‘ಬದಲಾಯಿಸಲೋ’ ಅನ್ನೋರಿಗೆ ಚಿಕ್ಕ ಮಾತು. ಪಿಎಚ್‌ಪಿಯಲ್ಲಿ ಇದ್ದೀರಿ, ನಾಚಿಕೆ ಆಗ್ತಿದೆ ಅನ್ನೋದು ಕಾರಣವಲ್ಲ. ನೀವು ಹೋಗಬೇಕೆಂದಿರೋ ಕಂಪನಿ ಬೇರೆ ಭಾಷೆ ಕೇಳುತ್ತೆ ಅನ್ನೋದು ಕಾರಣ. ಜಾವಾಸ್ಕ್ರಿಪ್ಟಿನಲ್ಲಿ ಇರೋರು ಟೈಪ್‌ಸ್ಕ್ರಿಪ್ಟ್ ಮಾತ್ರ ಯೋಚನೆ ಮಾಡದೆ ಕಲೀರಿ. 2012ರಲ್ಲಿ ಮೈಕ್ರೋಸಾಫ್ಟ್ ತಂದದ್ದು, ಈಗ ದೊಡ್ಡ ತಂಡಗಳಲ್ಲಿ ಅದಿಲ್ಲದೆ ನಡೆಯೋದು ಕಡಿಮೆ.

ಅಣ್ಣನ ಮಗಳು ಈಗ ಜಾವಾಕ್ಕೆ ಬಂದಿದ್ದಾಳೆ. ಹೋದ ತಿಂಗಳು ಪುಣೆಯ ಒಂದು ಸಣ್ಣ ಕಂಪನಿಯ ಇಂಟರ್‌ವ್ಯೂ ಇತ್ತು, ಆನ್‌ಲೈನಿನಲ್ಲಿ. ಎಸ್‌ಕ್ಯೂಎಲ್ ಮೇಲೆ ಮೂರು ಪ್ರಶ್ನೆ, ಜಾವಾದ ಮೇಲೆ ಎರಡು. ಉಳಿದ ಹೊತ್ತೆಲ್ಲ ಮೆಣಸಿನಕಾಯಿ ಪುಟವನ್ನೇ ತೆರೆಸಿ ಕೇಳಿದರಂತೆ. ಎರಡನೇ ಸುತ್ತಿಗೆ ಕರೀತೀವಿ ಅಂದಿದ್ದಾರೆ, ಇನ್ನೂ ಕರೆದಿಲ್ಲ. ಅಡತಿ ಅಂಗಡಿಯವರು ಮರಾಠಿಯಲ್ಲೂ ಬೇಕು ಅಂತ ಹಟ ಹಿಡಿದಿದ್ದಾರೆ, ಅದಕ್ಕೆ ಅವರಿಂದ ದುಡ್ಡು ಕೇಳು ಅಂತ ನಾನು ಹೇಳಿದ್ದೀನಿ, ಅವಳಿಗೆ ಸಂಕೋಚ. ಅವಳ ಅವ್ವ ಲಗ್ನದ ಮಾತನ್ನ ವರ್ಷಾಂತ್ಯಕ್ಕೆ ನೂಕಿದ್ದಾಳೆ.

70 ಸಾವಿರ ಸೊಸೈಟಿಯಲ್ಲೇ ಇದೆ. ವಾರಕ್ಕೊಮ್ಮೆ ಅಣ್ಣನ ಫೋನು: ‘ಏನೋ ತಮ್ಮಾ, ಫೀ ಕಟ್ಟೂದೋ ಬ್ಯಾಡೋ?’ ದೀಪಾವಳಿ ತನಕ ತಡಿ ಅಂದಿದ್ದೀನಿ.